ಬಲಗೈಗೆ ಮತ್ತೆ ಚೆಕ್‌ರೋಲ್

ಕೊಡಗಿನ ಸಿದ್ದಾಪುರದ ಕಡೆಯ ಕಾಫಿ ತೋಟವೊಂದರಲ್ಲಿ ನಾನು ರೈಟರ್. ಆಳುಗಳ ಹಾಜರಿ, ಕೊಯ್ಲಿನ ತೂಕ, ವಾರದ ಬಟವಾಡೆ ಎಲ್ಲವೂ ನನ್ನ ಬಲಗೈ ಬರಹ. ಹಾಜರಿ, ಕೂಲಿ ಬರೆಯುವ ಆ ಪುಸ್ತಕವೇ ಚೆಕ್‌ರೋಲ್. ಮಳೆಗಾಲಕ್ಕೆ ಮೊದಲು ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಮಾಡಿಸುತ್ತಿದ್ದಾಗ ಕೊಂಬೆಯೊಂದು ತಲೆಯ ಎಡಭಾಗಕ್ಕೆ ಬಡಿಯಿತು. ಮುಂದಿನದು ಹೆಂಡತಿ ಹೇಳಿ ಗೊತ್ತು: ತೋಟದ ಜೀಪು, ಆಂಬುಲೆನ್ಸ್, ಮೈಸೂರು, ಆಪರೇಷನ್. ಹೆಪ್ಪುಗಟ್ಟಿದ ರಕ್ತ ತೆಗೆದು, ಮೆದುಳಿನ ಊತಕ್ಕೆ ಜಾಗವಿರಲಿ ಎಂದು ಬುರುಡೆಯ ತುಂಡೊಂದನ್ನು ಬಿಡಿಸಿ ನನ್ನದೇ ಹೊಟ್ಟೆಯ ಚರ್ಮದಡಿ ಇಟ್ಟಿದ್ದರು. ಕೆಲವು ತಿಂಗಳಾದ ಮೇಲೆ ಅದನ್ನು ವಾಪಸು ತಲೆಗೆ ಕೂರಿಸಿದರು. ನೋಡಲು ಬಂದವರೆಲ್ಲ ಈ ತುಂಡಿನ ಕಥೆಯನ್ನೇ ಕೇಳುತ್ತಾರೆ. ನನ್ನ ಲೆಕ್ಕದಲ್ಲಿ ಅದು ಸುಲಭದ ಭಾಗ. ನಾನು ಮಲಗಿದ್ದರೆ ಸಾಕಿತ್ತು.

ಎಚ್ಚರವಾದಾಗ ಬಲಗೈ, ಬಲಗಾಲು ನನ್ನ ಮಾತು ಕೇಳುತ್ತಿರಲಿಲ್ಲ. ನಾಲಿಗೆ ತಡವರಿಸಿದರೂ ಮಾತು ಉಳಿದಿತ್ತು. ಪಕ್ಕದ ಹಾಸಿಗೆಯವರಿಗೆ ಮಾತೇ ಹೋಗಿತ್ತು. ಅವರನ್ನು ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕಳಿಸಿದರು.

ಕಾಲಿನ ವಿಷಯ ಫಿಸಿಯೋಥೆರಪಿಸ್ಟ್ ನೋಡಿಕೊಂಡರು. ಮಂಚದ ಅಂಚಿನಲ್ಲಿ ಕೂರುವುದು, ನಿಲ್ಲುವುದು, ಕಂಬಿ ಹಿಡಿದು ನಡೆಯುವುದು. ಅದು ಬೇಗ ಬಂತು. ಹೆಂಡತಿಗೆ ಅವರು ಮೊದಲು ಕಲಿಸಿದ್ದು ಒಂದೇ: ಎಬ್ಬಿಸುವಾಗ ಸೋತ ಕೈ ಹಿಡಿದು ಎಳೆಯಬೇಡಿ. ಸ್ನಾಯು ಸಡಿಲವಾಗಿರುವ ಭುಜ ಕೀಲಿನಿಂದ ಜಾರುತ್ತದೆ, ಆಮೇಲೆ ಆ ನೋವೇ ಅಭ್ಯಾಸಕ್ಕೆಲ್ಲ ಅಡ್ಡ ಬರುತ್ತದೆ.

ಕೈಗೆ ಬೇರೆ ಥೆರಪಿಸ್ಟ್, ದಿನದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವ ಆಕ್ಯುಪೇಷನಲ್ ಥೆರಪಿಯವರು. ನೆಂಟರು ತಂದ ರಬ್ಬರ್ ಚೆಂಡುಗಳನ್ನೆಲ್ಲ ಆ ಮೇಡಂ ನನ್ನ ಮಗನಿಗೆ ಕೊಡಿಸಿಬಿಟ್ಟರು. ನನ್ನ ಬೆರಳಿಗೆ ಮುಚ್ಚಲು ಬರುತ್ತಿತ್ತು, ಬಿಚ್ಚಲು ಬರುತ್ತಿರಲಿಲ್ಲ. ಬಿಗಿದುಕೊಂಡ ಕೈಯಲ್ಲಿ ಚೆಂಡು ಹಿಸುಕಿಸಿದರೆ ಬಿಗಿತವೇ ಹೆಚ್ಚೀತು ಎಂಬುದು ಅವರ ವಾದ. ಹಿಡಿದದ್ದನ್ನು ಬಿಡುವುದೇ ನನಗೆ ಪಾಠವಾಯಿತು. ಆಮೇಲೆ ಕೇಳಿದರು, "ಈ ಕೈಯಲ್ಲಿ ದಿನಾ ಏನು ಮಾಡ್ತಿದ್ರಿ ಸರ್?" ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಮರದ ಗೂಟಗಳನ್ನು ತೂತಿಗೆ ಹಾಕಿ ತೆಗೆದು ನನಗೆ ಬೇಸರ ಬಂದಿತ್ತು.

ಮನೆಗೆ ಬಂದ ಮೇಲಿನ ಅಭ್ಯಾಸವೆಲ್ಲ ಆ ಪ್ರಶ್ನೆಯಿಂದ ಹುಟ್ಟಿದ್ದು. ಮೊದಲು ಕಿತ್ತಳೆ: ಹಿಡಿ, ಎತ್ತು, ಬುಟ್ಟಿಯ ಮೇಲೆ ಕೈ ಬಿಚ್ಚು. ಅದು ಸಲೀಸಾದ ಮೇಲೆ ಅಡಿಕೆ, ಆಮೇಲೆ ಒಣಗಿದ ಕಾಫಿ ಚೆರಿ, ಕೊನೆಗೆ ಕರಿಮೆಣಸಿನ ಕಾಳು. ಆ ಹೊತ್ತಿನಲ್ಲಿ ಎಡಗೈಗೆ ಬಟ್ಟೆಯ ಚೀಲ ಕಟ್ಟುತ್ತಿದ್ದರು. ಒಳ್ಳೆಯ ಕೈ ಎಲ್ಲಾ ಕೆಲಸ ಮಾಡಿಬಿಟ್ಟರೆ ಸೋತ ಕೈ ಇದೆಯೆಂಬುದನ್ನೇ ಮೆದುಳು ಮರೆಯುತ್ತದಂತೆ. ಇದನ್ನು ಥೆರಪಿಸ್ಟ್ ಒಪ್ಪಿಗೆ ಇಲ್ಲದೆ ಮಾಡಬಾರದು. ಮಾಡಿದರೂ ಕೂತೇ ಮಾಡಬೇಕು, ಬೀಳುವಾಗ ಆಸರೆಗೆ ಎಡಗೈ ಬೇಕು. ಜೂನ್ ಜುಲೈ ಥಂಡಿಗೆ ಬೆರಳು ಕೊರಡಾಗುತ್ತಿತ್ತು. ಬಿಸಿನೀರಿನಲ್ಲಿ ಅದ್ದಿ ಶುರುಮಾಡುತ್ತಿದ್ದೆ, ಬಿಸಿ ಎಷ್ಟಿದೆಯೆಂದು ಎಡಗೈಯಲ್ಲಿ ನೋಡಿಕೊಂಡು. ಬಲಗೈಗೆ ಸುಡುವುದೂ ತಿಳಿಯುತ್ತಿರಲಿಲ್ಲ.

ಕೈಗಿಂತ ನನ್ನನ್ನು ಹೆದರಿಸಿದ್ದು ಲೆಕ್ಕ. ಪೆಟ್ಟು ಬಿದ್ದ ಜಾಗ ಎಡ ಕಿವಿಯ ಹಿಂದೆ ಮೇಲ್ಗಡೆ. ಅಂಕಿಗಳ ವ್ಯವಹಾರಕ್ಕೆ ಮೆದುಳಿನ ಆ ಭಾಗ ಬೇಕಂತೆ. ಓದಲು ಬರುತ್ತಿತ್ತು, ಕೂಡಲು ಬರುತ್ತಿರಲಿಲ್ಲ. ಸಾಲು ತಪ್ಪುತ್ತಿತ್ತು, ಕೂಡುವಾಗ ಕೈಲಿಟ್ಟುಕೊಂಡ ದಶಕ ಎಲ್ಲಿ ಹೋಯಿತೆಂದು ಗೊತ್ತಾಗುತ್ತಿರಲಿಲ್ಲ. ಮಾಲೀಕರಿಂದ ಹಳೇ ಚೆಕ್‌ರೋಲ್‌ಗಳನ್ನು ಕೇಳಿ ತರಿಸಿದೆ. ಕೂಡಿದ ಮೊತ್ತದ ಮೇಲೆ ಚೀಟಿ ಅಂಟಿಸಿ, ಒಂದು ಸಾಲು ಬಿಟ್ಟು ಉಳಿದದ್ದನ್ನು ಸ್ಕೇಲಿನಿಂದ ಮುಚ್ಚಿ, ಒಬ್ಬೊಬ್ಬ ಆಳಿನ ವಾರದ ಕೂಲಿ ಕೂಡುತ್ತಿದ್ದೆ. ಉತ್ತರ ನನ್ನದೇ ಅಕ್ಷರದಲ್ಲಿ ಚೀಟಿಯಡಿ ಇರುತ್ತಿತ್ತು. ಆಸ್ಪತ್ರೆಯಲ್ಲಿ ಕೊಟ್ಟ ಹಾಳೆಯಲ್ಲಿ ಮಾವಿನಹಣ್ಣು, ಬಳಪದ ಲೆಕ್ಕಗಳಿದ್ದವು. ಅದರಲ್ಲಿ ತಪ್ಪಿದರೆ ನನಗೇನೂ ಅನಿಸುತ್ತಿರಲಿಲ್ಲ. ಕೂಲಿಯಲ್ಲಿ ತಪ್ಪಿದರೆ ಲೈನ್‌ಮನೆಗಳಲ್ಲಿರುವ ತೋಟದ ಆಳುಗಳ ಮುಖ ಕಣ್ಣಿಗೆ ಬರುತ್ತಿತ್ತು.

ನಡಿಗೆಗೆ ಬರುತ್ತೇನೆ. ಆಸ್ಪತ್ರೆಯ ನೆಲ ಸಮತಟ್ಟು, ನಮ್ಮಲ್ಲಿ ಬಚ್ಚಲಿಗೆ ಹೋಗಲೂ ಮೆಟ್ಟಿಲು. ಏರುವಾಗ ಪಾದ ಎದ್ದೇಳದೆ ಬೆರಳು ಕಲ್ಲಿಗೆ ತಾಗುತ್ತದೆ. ಇಳಿಯುವಾಗ ಮೊಣಕಾಲು ಕುಸಿಯುತ್ತದೆ. ಎರಡರಲ್ಲಿ ಇಳಿಜಾರೇ ಕಷ್ಟ. ಪಾದ ಎತ್ತಿ ಹಿಡಿಯುವ ಪ್ಲಾಸ್ಟಿಕ್ ಸ್ಪ್ಲಿಂಟ್ ಕೊಟ್ಟಿದ್ದರು, ಅದರ ಮೇಲೆ ನನ್ನ ಗಂಬೂಟು ಹತ್ತಲಿಲ್ಲ. ಬಲಗಾಲಿಗೆ ಮಾತ್ರ ದೊಡ್ಡ ಅಳತೆ ಬೇಕೆಂದು ಗೋಣಿಕೊಪ್ಪದಲ್ಲಿ ಎರಡು ಜೊತೆ ಕೊಂಡೆ. ಆ ಪಾದಕ್ಕೂ ಸ್ಪರ್ಶ ಮಂದ. ಜಿಗಣೆ ಹತ್ತಿದರೂ, ಸ್ಪ್ಲಿಂಟ್ ಉಜ್ಜಿ ಗಾಯವಾದರೂ ಗೊತ್ತಾಗದು. ದಿನಾ ಸಂಜೆ ಟಾರ್ಚ್ ಬೆಳಕು ಬಿಟ್ಟು ಹಿಮ್ಮಡಿ, ಬೆರಳ ಸಂದು ನೋಡುವುದು ಹೆಂಡತಿಯ ಕೆಲಸ.

ಹೊರಗಿನವರಿಗೆ ಕಾಣದ್ದು ಸುಸ್ತು. ಶೀಟಿನ ಮೇಲೆ ಮಳೆಯ ಸದ್ದು, ಟಿವಿ, ಜೊತೆಗೆ ಇಬ್ಬರು ಮಾತಾಡಿದರೆ ತಲೆ ಮುಚ್ಚಿಕೊಂಡುಬಿಡುತ್ತಿತ್ತು, ಸಿಟ್ಟು ಬರುತ್ತಿತ್ತು. ಸೋಮಾರಿತನ, ಅಹಂಕಾರ ಎಂದವರೂ ಇದ್ದಾರೆ. ಊಟವಾದ ಮೇಲೆ ಕತ್ತಲೆ ಕೋಣೆಯಲ್ಲಿ ಮಲಗುವುದನ್ನು ಮಾತ್ರೆಯಷ್ಟೇ ಕಡ್ಡಾಯ ಮಾಡಿಕೊಂಡೆ. ಲೆಕ್ಕದ ಅಭ್ಯಾಸ ಬೆಳಿಗ್ಗೆ ಮಾತ್ರ.

ಇನ್ನೊಂದು, ಫಿಟ್ಸ್ ಬರದಂತೆ ಮಾತ್ರೆ ಇರುವಾಗ ಕುಡಿತ ಕೂಡದು, ನಿದ್ದೆ ಕೆಡಬಾರದು. ಕೊಡಗಿನ ಮದುವೆಯಲ್ಲಿ "ಒಂದೇ ಒಂದು, ರೈಟರೇ" ಎನ್ನುವವರಿಗೆ ಇದನ್ನು ವಿವರಿಸುವುದು ಯಾವ ಥೆರಪಿಗಿಂತಲೂ ಕಷ್ಟ. ನಾನು ಊಟದ ಹೊತ್ತಿಗೆ ಹೋಗಿ ಊಟ ಮುಗಿಸಿ ಬರುತ್ತೇನೆ.

ಈಗ ಚೆಕ್‌ರೋಲ್ ಮತ್ತೆ ನಾನೇ ಬರೆಯುತ್ತೇನೆ, ಪೆನ್ನಿಗೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿಕೊಂಡು. ಅಕ್ಷರ ದೊಡ್ಡದು, ವೇಗ ಅರ್ಧ. ಕೊಯ್ಲಿನ ಹೊತ್ತಿನಲ್ಲಿ ತೂಕ ಕೂಗುವುದು ಇನ್ನೊಬ್ಬರು, ಬಟವಾಡೆಯ ಮೊತ್ತವನ್ನು ಮಗ ಇನ್ನೊಮ್ಮೆ ಕೂಡುತ್ತಾನೆ. ಬ್ಯಾಂಕಿನಲ್ಲಿ ಸಹಿ ಹೊಂದಲಿಲ್ಲ, ಹೊಸ ಮಾದರಿ ಸಹಿ ಕೊಟ್ಟೆ. ಅಂಗವಿಕಲತೆಯ ಕಾರ್ಡಿಗೆ ಮಡಿಕೇರಿಯಲ್ಲಿ ತಪಾಸಣೆ ಆಗಿದೆ. 2016ರ ಕಾಯ್ದೆಯಂತೆ ಮುಖ್ಯ ಸೌಲಭ್ಯಗಳಿಗೆ ಅಂಗವಿಕಲತೆ ಕನಿಷ್ಠ ಶೇ. 40 ಇರಬೇಕು. ಬೈಕ್ ಓಡಿಸಲು ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ಮುಂದಿನ ಸಲ ಮೈಸೂರಿಗೆ ಹೋದಾಗ ಡಾಕ್ಟರನ್ನು ಮತ್ತೆ ಕೇಳಬೇಕು.