ಕೊಡಗಿನ ಮನೆಗೆ ದುಬಾರಿ ಪ್ರೊಜೆಕ್ಟರ್ ತಗೊಳ್ಳೋ ಮುಂಚೆ

ಲಕ್ಷಗಟ್ಟಲೆ ಕೊಡೋಕೆ ಮುಂಚೆ ಮೊದ್ಲು ರೂಮ್ ಅಳೀರಿ. ಥ್ರೋ ರೇಶಿಯೋ (ಪ್ರೊಜೆಕ್ಟರಿಂದ ಸ್ಕ್ರೀನಿಗಿರೋ ದೂರ ಸ್ಕ್ರೀನಿನ ಅಗಲದ ಎಷ್ಟು ಪಟ್ಟು ಅನ್ನೋದು) 1.2 ಇದ್ರೆ ಮೂಲೆಯಿಂದ ಮೂಲೆಗೆ 100 ಇಂಚಿನ ಸ್ಕ್ರೀನಿಗೆ ಸುಮಾರು ಎಂಟೂಮುಕ್ಕಾಲು ಅಡಿ ದೂರ ಬೇಕು, ಅಷ್ಟು ಜಾಗ ಇಲ್ದಿದ್ರೆ ಗೋಡೆ ಪಕ್ಕದಲ್ಲೇ ಇಡೋ ಅಲ್ಟ್ರಾ ಶಾರ್ಟ್ ಥ್ರೋ ನೋಡಿ, ಆದ್ರೆ ಅದಕ್ಕೆ ಬೇರೆ ಥರದ ಸ್ಕ್ರೀನ್ ಹಾಕಿದ್ರೇನೇ ಚೆಂದ, ಆ ಖರ್ಚೂ ಸೇರಿಸ್ಕೊಳ್ಳಿ.

ಬೆಳಕು ಎಷ್ಟು ಅನ್ನೋದಕ್ಕೆ ಬರೀ ಲುಮೆನ್ಸ್ ಅಂತ ಬರೆದಿದ್ರೆ ನಂಬಬೇಡಿ, ಆನ್ಸಿ ಇಲ್ಲಾ ಐಎಸ್‌ಒ ಅನ್ನೋ ಪ್ರಮಾಣಿತ ಅಳತೆಯ ಲುಮೆನ್ಸ್ ಎಷ್ಟು ಅಂತ ಕೇಳಿ. ಕತ್ಲೆ ರೂಮಲ್ಲಿ ಸಿನಿಮಾಗೆ 1000 ಸಾಕು, ಹಗಲಲ್ಲಿ ಮನೆಮಂದಿಯೆಲ್ಲ ಕೂತು ಹಾಕಿ ಮ್ಯಾಚ್ ನೋಡ್ಬೇಕು ಅಂದ್ರೆ 2500ರ ಮೇಲೆ ಹೋಗಿ, ಕರ್ಟನ್ನೂ ಎಳೀರಿ.

ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ಲೇಸರ್ ಇರೋ ಟ್ರಿಪಲ್ ಲೇಸರ್ ಪ್ರೊಜೆಕ್ಟರ್ ಬಣ್ಣ ನಿಜವಾಗ್ಲೂ ಅದ್ಭುತ, ನನ್ನ ಓಟು ಅದಕ್ಕೇ. ಆದ್ರೆ ಕೆಲವರ ಕಣ್ಣಿಗೆ ಚುಕ್ಕಿ ಚುಕ್ಕಿ ಮಿನುಗಿದ ಹಾಗೆ, ಅಂಚಲ್ಲಿ ಕಾಮನಬಿಲ್ಲಿನ ಥರ ಕಾಣತ್ತೆ, ಹಾಗಾಗಿ ಮನೆಯವ್ರನ್ನೂ ಕರ್ಕೊಂಡು ಮೈಸೂರಿಗೋ ಬೆಂಗ್ಳೂರಿಗೋ ಹೋಗಿ ಕಣ್ಣಾರೆ ನೋಡಿ.

ನಮ್ಮ ಮಳೆಗಾಲ ಮಾತ್ರ ಮರೀಬೇಡಿ! ಜೂನ್ ಬಂದ್ರೆ ಲೆನ್ಸಿಗೆಲ್ಲ ಬೂಷ್ಟು ಹಿಡಿಯೋ ಊರು ಇದು, ಬಳಸ್ದೇ ಇರೋ ದಿನ ಗಾಳಿ ಆಡದ ಡಬ್ಬಿಲಿ ತೇವ ಹೀರೋ ಸಿಲಿಕಾ ಜೆಲ್ ಹಾಕಿಡಿ. ಕರೆಂಟ್ ಹೋಗಿ ಬಂದು ಮಾಡತ್ತಲ್ಲ, ಯುಪಿಎಸ್ ಬೇಕೇ ಬೇಕು. ನೆಟ್ ಸರಿ ಸಿಗದ ತೋಟದ ಮನೆಯಾದ್ರೆ ಯುಎಸ್‌ಬಿ, ಎಚ್‌ಡಿಎಂಐ ಎರಡೂ ಇರೋದನ್ನೇ ಆರಿಸಿ.