ಎಲೆಯಿದ್ದಾಗ ಗುರುತು ಹಾಕಿ, ಎಲೆ ಉದುರಿದ ಮೇಲೆ ಸವರಿ

ಸೂಚಿಪರ್ಣಿ ಮರವೆಂದರೆ ವರ್ಷವಿಡೀ ಹಸಿರು ಎಂದೇ ಹೆಚ್ಚಿನವರ ನಂಬಿಕೆ. ಲಾರ್ಚ್, ಗೋಲ್ಡನ್ ಲಾರ್ಚ್, ಮೆಟಾಸಿಕೋಯಾ, ಬಾಲ್ಡ್ ಸೈಪ್ರೆಸ್ ಈ ಮಾತಿಗೆ ಹೊರತು. ಚಳಿ ಶುರುವಾಗುವ ಹೊತ್ತಿಗೆ ಇವುಗಳ ಎಲೆ ಹೊನ್ನಿನ ಬಣ್ಣಕ್ಕೋ ಇಟ್ಟಿಗೆ ಬಣ್ಣಕ್ಕೋ ತಿರುಗಿ ಪೂರ್ತಿ ಉದುರುತ್ತದೆ. ಬಾಲ್ಡ್ ಸೈಪ್ರೆಸ್‌ಗೆ ‘ಬೋಳು’ ಎಂಬ ಹೆಸರು ಅಂಟಿಕೊಂಡದ್ದೂ ಇದರಿಂದಲೇ. ಇದು ತಿಳಿಯದೆ ಮರ ಒಣಗಿಹೋಯಿತೆಂದು ಬುಡಕ್ಕೇ ಗರಗಸ ಇಟ್ಟವರಿದ್ದಾರೆ.

ಆದ್ದರಿಂದ ಸವರುವ ಕೆಲಸ ಕತ್ತರಿಯಿಂದಲ್ಲ, ಬಣ್ಣದ ದಾರದಿಂದ ಶುರುವಾಗಬೇಕು. ನಡುಬೇಸಿಗೆಯಲ್ಲಿ, ಮರ ತುಂಬಾ ಎಲೆಯಿರುವಾಗ ಅದನ್ನೊಮ್ಮೆ ಸುತ್ತಿ ನೋಡಿ. ಎಲೆಯೇ ಬಾರದ ಕೊಂಬೆಗಳಿಗೆ, ತುದಿ ಮಾತ್ರ ಒಣಗಿದವಕ್ಕೆ, ಒಂದಕ್ಕೊಂದು ಉಜ್ಜುವವಕ್ಕೆ ದಾರ ಕಟ್ಟಿಬಿಡಿ. ಚಳಿಗಾಲದಲ್ಲಿ ಮರದ ಅಸ್ಥಿಪಂಜರ ಸ್ಪಷ್ಟವಾಗಿ ಕಾಣುತ್ತದೆ ನಿಜ, ಆದರೆ ಬದುಕಿದ್ದು ಯಾವುದು ಸತ್ತದ್ದು ಯಾವುದು ಎಂದು ಕಣ್ಣಿಗೆ ಹೊಳೆಯುವುದಿಲ್ಲ. ಲಾರ್ಚ್‌ನಲ್ಲಂತೂ ಕಡ್ಡಿಯುದ್ದಕ್ಕೂ ಗುಬುಟುಗುಬುಟಾಗಿ ಒಣಗಿದಂತೆ ಕಾಣುವ ಮೊಟಕು ಗಿಣ್ಣುಗಳಿರುತ್ತವೆ. ಮುಂದಿನ ವಸಂತದಲ್ಲಿ ಸೂಜಿ ಎಲೆಗಳ ಗೊಂಚಲು ಹೊರಡುವುದು ಅವುಗಳಿಂದಲೇ.

ಅನುಮಾನ ಬಂದರೆ ಉಗುರು ಪರೀಕ್ಷೆ ಮಾಡಿ. ಪೆನ್ಸಿಲ್ ದಪ್ಪದ ರೆಂಬೆಯ ತೊಗಟೆಯನ್ನು ಅಕ್ಕಿಕಾಳಿನಷ್ಟು ಕೆರೆಯಿರಿ. ಒಳಗೆ ಹಸಿರಾಗಿ ಪಸೆಯಿದ್ದರೆ ಜೀವವಿದೆ. ಕಂದಾಗಿ ಒಣಗಿದ್ದರೆ ಒಂದು ಗೇಣು ಬುಡದ ಕಡೆ ಸರಿದು ಮತ್ತೆ ಕೆರೆದು ನೋಡಿ. ಹಸಿರು ಸಿಕ್ಕಿದ ಜಾಗದಿಂದ ಬುಡದ ಕಡೆಗೆ ರೆಂಬೆ ಬದುಕಿದೆ.

ಯಾವಾಗ?

ಚಳಿಗಾಲ ಮುಗಿಯುತ್ತಾ ಬಂದು, ಮೊಗ್ಗು ಇನ್ನೂ ಉಬ್ಬದೆ ಇರುವ ಕೆಲವು ವಾರಗಳೇ ಸರಿಯಾದ ಕಾಲ. ಭೂಮಿಯ ಉತ್ತರಾರ್ಧದಲ್ಲಿ ಸಾಮಾನ್ಯವಾಗಿ ಜನವರಿ ಕೊನೆಯಿಂದ ಮಾರ್ಚ್ ಆರಂಭದವರೆಗೆ. ಈ ಗುಂಪಿನಲ್ಲಿ ಲಾರ್ಚ್ ಬೇಗ ಚಿಗುರುವ ಮರ, ಅದನ್ನು ಮೊದಲು ಮುಗಿಸಿಕೊಳ್ಳಿ. ರಸ ಏರಿದ ಮೇಲೆ ಕೊಯ್ದರೆ ಗಾಯದಿಂದ ರಾಳ ಸುರಿಯುತ್ತದೆ, ಎಳೆ ತೊಗಟೆ ಸುಲಿದು ಬರುತ್ತದೆ. ಬೇಸಿಗೆಯ ಕೊನೆಗೆ ಸವರಿದರೆ ಬೇರೆ ತೊಂದರೆ: ಹೊಸ ಚಿಗುರು ಹೊರಟು, ಬಲಿಯುವ ಮೊದಲೇ ಹಿಮಕ್ಕೆ ಸಿಕ್ಕಿ ಕರಕಲಾಗುತ್ತದೆ. ಕೊಂಬೆ ಹೆಪ್ಪುಗಟ್ಟಿದ ದಿನವೂ ಮಳೆ ಬಿದ್ದ ದಿನವೂ ಬೇಡ. ಹೆಪ್ಪುಗಟ್ಟಿದ ಕಟ್ಟಿಗೆ ಸಿಬಿರೇಳುತ್ತದೆ, ಒದ್ದೆಯಲ್ಲಿ ಶಿಲೀಂಧ್ರ ಸುಲಭವಾಗಿ ಗಾಯಕ್ಕಿಳಿಯುತ್ತದೆ. ಪೂರ್ತಿ ಸತ್ತ ಕೊಂಬೆ ಮತ್ತು ಮುರಿದು ನೇತಾಡುವ ಕೊಂಬೆಗೆ ಮಾತ್ರ ಕಾಲ ನೋಡಬೇಕಿಲ್ಲ.

ಹತಾರಗಳು

2 ಸೆಂ.ಮೀ. ದಪ್ಪದವರೆಗೆ ಒಂದೇ ಕೈಯಲ್ಲಿ ಹಿಡಿಯುವ ಕತ್ತರಿ ಸಿಕೇಟರ್, 4 ಸೆಂ.ಮೀ.ವರೆಗೆ ಉದ್ದ ಹಿಡಿಯ ಕತ್ತರಿ ಲಾಪರ್, ಅದಕ್ಕಿಂತ ದಪ್ಪಕ್ಕೆ ಸವರುವ ಗರಗಸ. ಸಿಕೇಟರ್ ಮಾತ್ರ ಎರಡು ಅಲಗು ಒಂದರ ಪಕ್ಕ ಒಂದು ಜಾರುವ ಬೈಪಾಸ್ ಬಗೆಯದೇ ಇರಲಿ. ಅಲಗು ಪಟ್ಟಿಯ ಮೇಲೆ ಒತ್ತಿ ಕೂರುವ ಬಗೆಯದು ಜೀವಂತ ತೊಗಟೆಯನ್ನು ಜಜ್ಜುತ್ತದೆ. ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಅಲಗನ್ನು ಶೇ 70ರ ಆಲ್ಕೋಹಾಲ್‌ನಲ್ಲಿ ಒರೆಸಿ. ಲಾರ್ಚ್ ಕೊಂಬೆಯಲ್ಲಿ ತೊಗಟೆ ಕುಸಿದು ಸುತ್ತ ರಾಳ ಸೋರುತ್ತಿದ್ದರೆ ಅದು ಕ್ಯಾಂಕರ್ ರೋಗವಿರಬಹುದು. ಹುಣ್ಣಿನಿಂದ 15 ಸೆಂ.ಮೀ. ಬುಡದ ಕಡೆ, ಆರೋಗ್ಯದ ಕಟ್ಟಿಗೆಯಲ್ಲಿ ಕೊಯ್ಯಿರಿ. ಅಲ್ಲಿ ಪ್ರತಿ ಕೊಯ್ತಕ್ಕೂ ಅಲಗು ಒರೆಸಲೇಬೇಕು.

ದಪ್ಪ ಕೊಂಬೆಗೆ ಮೂರು ಕೊಯ್ತ

ಒಂದೇ ಏಟಿಗೆ ಮೇಲಿನಿಂದ ಕೊಯ್ದರೆ ಅರ್ಧಕ್ಕೆ ಬರುವಾಗಲೇ ಕೊಂಬೆ ತನ್ನ ಭಾರಕ್ಕೆ ಜಗ್ಗಿ, ಕಾಂಡದ ತೊಗಟೆಯನ್ನು ಮೊಳದುದ್ದ ಸೀಳಿಕೊಂಡು ಬೀಳುತ್ತದೆ. ಮೊದಲು ಕಾಂಡದಿಂದ 30 ಸೆಂ.ಮೀ. ದೂರದಲ್ಲಿ, ಕೆಳಗಿನಿಂದ ಮೇಲಕ್ಕೆ, ದಪ್ಪದ ಮೂರನೇ ಒಂದು ಭಾಗ ಕೊಯ್ಯಿರಿ. ಅದಕ್ಕಿಂತ 4–5 ಸೆಂ.ಮೀ. ಹೊರಗೆ, ಮೇಲಿನಿಂದ ಪೂರ್ತಿ ಕೊಯ್ದು ಕೊಂಬೆ ಇಳಿಸಿ. ಉಳಿದ ಮೋಟನ್ನು ಮೂರನೆಯ ಕೊಯ್ತದಲ್ಲಿ ತೆಗೆಯಿರಿ.

ಮರದ ಆಯುಷ್ಯ ನಿಂತಿರುವುದು ಈ ಮೂರನೆಯದರ ಮೇಲೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ತೊಗಟೆ ಸುಕ್ಕಾಗಿ ಬಳೆಯಂತೆ ಉಬ್ಬಿರುತ್ತದೆ. ಗಾಯ ಮುಚ್ಚುವ ಹೊಸ ಅಂಗಾಂಶ ಹುಟ್ಟುವುದು ಅಲ್ಲಿಂದ. ಉಬ್ಬು ಕಾಂಡದ ಮೇಲೇ ಉಳಿಯುವಂತೆ, ಅದರ ಹೊರ ಅಂಚಿಗೆ ಗರಗಸ ಇಡಿ. ಕಾಂಡಕ್ಕೆ ಸಮನಾಗಿ ಹೆರೆದರೆ ಉಬ್ಬೂ ಹೋಗಿ ಗಾಯ ದೊಡ್ಡದಾಗುತ್ತದೆ. ಮೋಟು ಬಿಟ್ಟರೆ ಅದು ಕೊಳೆತು ಕಾಂಡದೊಳಕ್ಕೆ ದಾರಿ ಮಾಡುತ್ತದೆ. ಮೆಟಾಸಿಕೋಯಾದಲ್ಲಿ ಇನ್ನಷ್ಟು ಎಚ್ಚರ ಬೇಕು. ಅದರ ಕೊಂಬೆಗಳ ಕೆಳಗೆ ಕಾಂಡ ಕಂಕುಳಿನಂತೆ ಒಳಕ್ಕೆ ತಗ್ಗಿರುತ್ತದೆ, ಗರಗಸ ಆಡಲು ಜಾಗ ಸಾಲದು. ಮಡಚುವ ಸಣ್ಣ ಗರಗಸ ಬಳಸಿ, ತಗ್ಗಿನ ಅಂಚಿನ ತೊಗಟೆಗೆ ಹಲ್ಲು ತಾಗದಂತೆ ನಿಧಾನವಾಗಿ ಕೊಯ್ಯಿರಿ.

ಗಾಯಕ್ಕೆ ಬಣ್ಣ, ಡಾಂಬರು, ಸಗಣಿ ಏನನ್ನೂ ಬಳಿಯಬೇಡಿ. ಪಸೆ ಒಳಗೇ ಉಳಿದು ಕೊಳೆತ ಹೆಚ್ಚುತ್ತದೆ.

ಸುಳಿ ಒಂದೇ ಇರಲಿ

ಈ ಮರಗಳ ಅಂದವೂ ಗಟ್ಟಿತನವೂ ಒಂದೇ ನೆಟ್ಟನೆಯ ಸುಳಿಯಲ್ಲಿದೆ. ಎರಡು ಸುಳಿ ಪೈಪೋಟಿಯಲ್ಲಿ ಏರಿದರೆ ನಡುವಿನ ಕವಲಿನಲ್ಲಿ ತೊಗಟೆ ಸಿಕ್ಕಿಕೊಳ್ಳುತ್ತದೆ, ಕಟ್ಟಿಗೆ ಬೆಸೆಯುವುದಿಲ್ಲ, ಮುಂದೊಂದು ದಿನ ಗಾಳಿಗೆ ಸೀಳುತ್ತದೆ. ಸೋತ ಸುಳಿ 3 ಸೆಂ.ಮೀ.ಗಿಂತ ಸಣ್ಣದಿದ್ದಾಗಲೇ ಬುಡಕ್ಕೆ ತೆಗೆಯಿರಿ. ದಪ್ಪವಾಗಿದ್ದರೆ ಈ ವರ್ಷ ಮೂರನೇ ಒಂದು ಭಾಗ ಇಳಿಸಿ, ಪಕ್ಕದ ರೆಂಬೆಯೊಂದರ ಬಳಿ ಕೊಯ್ತ ನಿಲ್ಲಿಸಿ. ಉಳಿದದ್ದು ಮುಂದಿನ ಚಳಿಗಾಲಕ್ಕೆ.

ಹಿಮಕ್ಕೋ ಗಾಳಿಗೋ ಸುಳಿ ಮುರಿದ ಎಳೆ ಮರದಲ್ಲಿ, ಮುರಿದ ಜಾಗದ ಕೆಳಗಿನ ಬಲವಾದ ರೆಂಬೆಯೇ ಹೊಸ ಸುಳಿ. ಬಿದಿರ ಕೋಲೊಂದನ್ನು ಕಾಂಡಕ್ಕೆ ಕಟ್ಟಿ, ತುದಿ 60 ಸೆಂ.ಮೀ. ಮೇಲಕ್ಕೆ ನಿಲ್ಲಲಿ. ರೆಂಬೆ ಹಸಿಯಾಗಿ ಬಾಗುವಾಗ ಮೆತ್ತನೆ ಬಟ್ಟೆಪಟ್ಟಿಯಿಂದ ಅದಕ್ಕೆ ನೆಟ್ಟಗೆ ಕಟ್ಟಿ. ಪೈಪೋಟಿಯ ರೆಂಬೆಗಳನ್ನು ಅರ್ಧಕ್ಕೆ ಮೊಟಕು ಮಾಡಿ. ಪಟ್ಟಿಯನ್ನು ಎರಡು ವರ್ಷದೊಳಗೆ ಬಿಚ್ಚದಿದ್ದರೆ ಅದೇ ಕಾಂಡದ ಕತ್ತು ಹಿಸುಕುತ್ತದೆ.

ಎತ್ತರ ಹೆಚ್ಚಾಯಿತೆಂದು ತಲೆ ಹಾರಿಸುವುದು ಮಾತ್ರ ಬೇಡವೇ ಬೇಡ. ಮೆಟಾಸಿಕೋಯಾ, ಬಾಲ್ಡ್ ಸೈಪ್ರೆಸ್ ಎರಡೂ ಹಳೆ ಕಟ್ಟಿಗೆಯಿಂದ ಚಿಗುರಬಲ್ಲವು, ಆದರೆ ಬರುವುದು ಪೊರಕೆಯಂಥ ಹುಚ್ಚು ಚಿಗುರುಗಳ ಗುಂಪು, ಹಿಡಿತವಿಲ್ಲದ್ದು. ಲಾರ್ಚ್‌ನ ಬೋಳು ಹಳೆ ಕಟ್ಟಿಗೆಯನ್ನು ಅಷ್ಟೂ ನಂಬುವಂತಿಲ್ಲ. ಅದನ್ನು ಮೊಟಕು ಮಾಡುವಾಗ ಜೀವಂತ ಗಿಣ್ಣು ಅಥವಾ ಮೊಗ್ಗಿನಿಂದ 5 ಮಿ.ಮೀ. ಮುಂದೆ ಕೊಯ್ತ ನಿಲ್ಲಲಿ. ಗೋಲ್ಡನ್ ಲಾರ್ಚ್ ನಿಧಾನದ ಮರ, ಸತ್ತದ್ದನ್ನು ತೆಗೆದರೆ ಸಾಕು.

ಎಷ್ಟು?

ವರ್ಷಕ್ಕೆ ಜೀವಂತ ಕೊಂಬೆಗಳ ಕಾಲು ಭಾಗ ಮೀರಬಾರದು. ಕೆಳಗೆ ಓಡಾಡಲು ಜಾಗ ಬೇಕಾದರೆ ಚಳಿಗಾಲಕ್ಕೆ ಎರಡು ಮೂರು ಕೊಂಬೆಯಂತೆ, 5 ಸೆಂ.ಮೀ. ದಪ್ಪವಾಗುವ ಮೊದಲೇ ತೆಗೆಯುತ್ತಾ ಹೋಗಿ. ಮರದ ಎತ್ತರದ ಮೂರನೇ ಎರಡು ಭಾಗದಲ್ಲಿ ಕೊಂಬೆ ಉಳಿದಿರಲಿ. ಕಾಂಡದ ಬುಡ ದಪ್ಪವಾಗುವುದು ಕೆಳಗಿನ ಕೊಂಬೆಗಳ ಊಟದಿಂದ, ಅವನ್ನು ಬೇಗ ಕಳೆದುಕೊಂಡ ಮರ ಸಣಕಲಾಗಿ ಗಾಳಿಗೆ ತೂಗಾಡುತ್ತದೆ. ಏಣಿ ಹತ್ತಿ ಗರಗಸ ಹಿಡಿಯಬೇಕಾದ ಎತ್ತರ ಬಂದರೆ ಮರ ಸವರುವುದರಲ್ಲಿ ತರಬೇತಾದವರನ್ನು ಕರೆಯಿರಿ.

ಸವರಿದ ವರ್ಷ ಸಾರಜನಕ ಗೊಬ್ಬರ ಹಾಕಬೇಡಿ, ಹುಚ್ಚು ಚಿಗುರಿಗೆ ಅದೇ ಮೇವು. ಬುಡದ ಸುತ್ತ 5–8 ಸೆಂ.ಮೀ. ದಪ್ಪ ಒಣ ಎಲೆಯ ಹೊದಿಕೆ ಹರಡಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ಗಾಯದ ಸುತ್ತ ಹೊರಡುವ ಚಿಗುರನ್ನು ಬೇಸಿಗೆಯಲ್ಲಿ ಬೆರಳುದ್ದ ಇರುವಾಗಲೇ ಹೆಬ್ಬೆರಳಿನಿಂದ ಉಜ್ಜಿ ಉದುರಿಸಿ. ಎಲೆ ಬಣ್ಣ ತಿರುಗುವ ಮುನ್ನ ಗಾಯವನ್ನೊಮ್ಮೆ ನೋಡಿ. ಸುತ್ತಲೂ ಉಂಗುರದಂತೆ ಹೊಸ ತೊಗಟೆ ಉರುಳಿಕೊಂಡು ಬರುತ್ತಿದ್ದರೆ ಕೊಯ್ತ ಸರಿಯಾಗಿದೆ. ಎರಡು ಬದಿಯಲ್ಲಿ ಮಾತ್ರ ಬಂದು ಮೇಲೆ ಕೆಳಗೆ ಬಾರದಿದ್ದರೆ ಗರಗಸ ಉಬ್ಬಿನೊಳಗೆ ಹೋಗಿದೆ, ಮುಂದಿನ ಕೊಂಬೆಯನ್ನು ಬೆರಳಗಲ ಹೊರಗೆ ಕೊಯ್ಯಿರಿ.