ಹೆಸರು ಗಿಡ್ಡ ಮಾಡಿದೆ, ಬಿಲ್ಲು ಬೇಗ ಬರಲಿಲ್ಲ

ಕೋಲಾರ ಎಪಿಎಂಸಿಯ ಒಂದು ಟೊಮೆಟೊ ಮಂಡಿಗೆ ವಿಷುಯಲ್ ಫಾಕ್ಸ್‌ಪ್ರೋ ಅನ್ನೋ ಡೇಟಾಬೇಸ್ ಭಾಷೆಯಲ್ಲಿ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಮೊದಲ ವರ್ಷ ಚೆನ್ನಾಗಿಯೇ ಓಡಿತು. ಎರಡನೇ ಸೀಸನ್ನಿಗೆ ಲೆಕ್ಕ ತುಂಬಿಡುವ ಟೇಬಲ್ ಬೆಳೆದಿತ್ತು. ಹರಾಜು ಮುಗಿದ ಮೇಲೆ ಒಂದೊಂದು ಬಿಲ್ಲಿಗೂ ರೈತರು ನಿಂತು ಕಾಯಬೇಕಾಯಿತು. ‘ಏನ್ ಸಾರ್, 15 ಕೆಜಿ ಬಾಕ್ಸಿನ ಲೆಕ್ಕ ನಾನು ಬಾಯಲ್ಲೇ ಹಾಕ್ತೀನಿ, ನಿಮ್ಮ ಕಂಪ್ಯೂಟರ್‌ಗೇನು ಕಷ್ಟ?’ ಅಂದರು ಮಂಡಿ ಮಾಲೀಕರು.

ವೇರಿಯಬಲ್, ಅಂದರೆ ಪ್ರೋಗ್ರಾಂ ಲೆಕ್ಕ ನೆನಪಿಟ್ಟುಕೊಳ್ಳುವ ಜಾಗ, ಅದರ ಹೆಸರು ಉದ್ದ ಇದ್ದರೆ ಪ್ರೋಗ್ರಾಂ ನಿಧಾನ ಅಂತ ಯಾರೋ ಹೇಳಿದ್ದು ತಲೆಯಲ್ಲಿತ್ತು. ಎರಡು ರಾತ್ರಿ ಕೂತು ಎಲ್ಲವನ್ನೂ ಬಿಎಕ್ಸ್, ಆರ್‌ಟಿ, ಕೆ2 ಅಂತ ಗಿಡ್ಡ ಮಾಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸ ಆಗಲಿಲ್ಲ. ಆಗೋದೂ ಇಲ್ಲ. ಕಂಪೈಲ್ ಆದಾಗ, ಅಂದರೆ ಬರೆದ ಕೋಡ್ ಓಡುವ ರೂಪಕ್ಕೆ ಬಂದಾಗ, ಹೆಸರುಗಳು ಒಂದು ಪಟ್ಟಿಗೆ ಸೇರುತ್ತವೆ, ಕೋಡಿನಲ್ಲಿ ಉಳಿಯುವುದು ಆ ಪಟ್ಟಿಯ ನಂಬರ್ ಮಾತ್ರ.

ತಪ್ಪು ಸಿಕ್ಕಿದ್ದು ಬೇರೆ ದಾರಿಯಲ್ಲಿ. ವೆಂಕಟೇಶಪ್ಪ ಅನ್ನೋ ಹೆಸರಿಗೆ ನಮ್ಮ ಕಡೆ ಬರವಿಲ್ಲ. ಒಂದೇ ದಿನ ಆ ಹೆಸರಿನ ಇಬ್ಬರು ಬಂದರು, ಇಬ್ಬರ ಬಾಕ್ಸೂ ಒಂದೇ ಬಿಲ್ಲಿಗೆ ಬಿತ್ತು. ಕೋಡ್ ತೆಗೆದು ನೋಡಿದರೆ ‘ಸ್ಕ್ಯಾನ್ ಫಾರ್ ಆರ್‌ಕೋಡ್ = ಆರ್‌ಕೋಡ್’ ಅಂತ ಬರೆದಿದ್ದೆ, ಬೇಕಾದ ರೈತನ ಕೋಡ್ ಇರುವ ರೆಕಾರ್ಡುಗಳನ್ನಷ್ಟೇ ಓದಲಿ ಅಂತ. ಎಡಗಡೆಯದು ಟೇಬಲ್ಲಿನ ಫೀಲ್ಡ್ (ಕಾಲಮ್), ಬಲಗಡೆಯದು ನನ್ನ ವೇರಿಯಬಲ್ ಅಂತ ನನ್ನ ಲೆಕ್ಕ. ಫಾಕ್ಸ್‌ಪ್ರೋ ಲೆಕ್ಕವೇ ಬೇರೆ. ಆ ಹೆಸರಿಗೆ ಏನಾದರೂ ತುಂಬುವಾಗ ಅದನ್ನು ವೇರಿಯಬಲ್‌ಗೇ ಹಾಕುತ್ತದೆ, ಓದುವಾಗ ಮಾತ್ರ ತೆರೆದಿರುವ ಟೇಬಲ್ಲಿನ ಫೀಲ್ಡನ್ನು ಮೊದಲು ಹುಡುಕುತ್ತದೆ. ಅಂದರೆ ಪ್ರತಿ ರೆಕಾರ್ಡೂ ತನ್ನನ್ನು ತನಗೇ ಹೋಲಿಸಿಕೊಂಡು ‘ಹೌದು’ ಅನ್ನುತ್ತಿತ್ತು. ಇಡೀ ಟೇಬಲ್ ಸುಮ್ನೆ ಓದಿಸುತ್ತಿದ್ದೆ! ಒಳಗೆ ಹೆಸರು, ತಾರೀಖು ನೋಡುವ ಇನ್ನೊಂದು ಇಫ್ ಪರೀಕ್ಷೆ ಇದ್ದಿದ್ದರಿಂದ ಅಷ್ಟು ದಿನ ಬಿಲ್ಲು ಸರಿ ಬರುತ್ತಿತ್ತು, ಅಷ್ಟೇ.

ಬಲಗಡೆ ‘ಎಂ.ಆರ್‌ಕೋಡ್’ ಮಾಡಿದೆ. ಎಂ ಮತ್ತು ಒಂದು ಚುಕ್ಕಿ. ಇದು ಮೆಮೊರಿ ವೇರಿಯಬಲ್ ಅಂತ ಅದಕ್ಕೆ ತಿಳಿಯಿತು. ಆರ್‌ಕೋಡ್ ಮೇಲೆ ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ) ಮೊದಲೇ ಇತ್ತು. ಫಾಕ್ಸ್‌ಪ್ರೋ ಒಳಗಿನ ವೇಗದ ಹುಡುಕಾಟದ ವ್ಯವಸ್ಥೆ ರಶ್‌ಮೋರ್ ಈಗ ಅದನ್ನು ಬಳಸಿಕೊಂಡು ಬೇಕಾದ ರೆಕಾರ್ಡುಗಳನ್ನಷ್ಟೇ ತೆಗೆಯಿತು. ಎಂಟರ್ ಒತ್ತಿ ಕೈ ತೆಗೆಯುವಷ್ಟರಲ್ಲಿ ಪ್ರಿಂಟರ್ ಶುರು.

ಆಮೇಲೆ ಬೇರೆ ಡೇಟಾಬೇಸ್‌ಗಳಿಗೆ ಹೋದೆ. ಒರಾಕಲ್ ಡೇಟಾಬೇಸಿನ ಭಾಷೆ ಪಿಎಲ್ ಎಸ್‌ಕ್ಯೂಎಲ್‌ನಲ್ಲೂ ಇದೇ ಕಥೆ, ಹೆಸರು ಒಂದೇ ಇದ್ದರೆ ಕಾಲಮ್ಮಿಗೇ ಗೆಲುವು. ಅಲ್ಲಿ ಡಿಲೀಟ್‌ನಲ್ಲಿ ಹೀಗೆ ಬರೆದರೆ ಟೇಬಲ್ಲೇ ಖಾಲಿ. ಮೈಎಸ್‌ಕ್ಯೂಎಲ್ ಪ್ರೊಸೀಜರಿನಲ್ಲಿ (ಡೇಟಾಬೇಸ್ ಒಳಗೇ ಇಟ್ಟ ಪ್ರೋಗ್ರಾಂ) ಉಲ್ಟಾ, ವೇರಿಯಬಲ್ ಗೆಲ್ಲುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ 9.0 ಆವೃತ್ತಿಯಿಂದ ಎರರ್ ಕೊಟ್ಟು ನಿಲ್ಲುತ್ತದೆ. ನನಗೆ ಅದೇ ಇಷ್ಟ. ಎಲ್ಲಿ ಬರೆದರೂ ಈಗ ವೇರಿಯಬಲ್‌ಗೆ ‘ವಿ’, ಹೊರಗಿನಿಂದ ಬರುವ ಪ್ಯಾರಾಮೀಟರ್‌ಗೆ ‘ಪಿ’ ಮುಂದೆ ಹಾಕುತ್ತೇನೆ. ಹೆಸರು ಎಷ್ಟು ಉದ್ದವಾದರೂ ಸರಿ.

ಮಂಡಿಯ ಪ್ರೋಗ್ರಾಮಿನಲ್ಲಿ ಹಳೆ ಹೆಸರುಗಳನ್ನು ವಾಪಸ್ ಹಾಕೋಕೆ ಒಂದು ವಾರ ಹಿಡಿಯಿತು. ಕೆ2 ಯಾತಕ್ಕೆ ಅಂತ ಇನ್ನೂ ನೆನಪಾಗಿಲ್ಲ.